ನೆಲಕ್ಕೊಂದು ಹನಿ ಬೀಳದ ಚಿತ್ರಗಳು

ದಕ್ಷಿಣ ಆಸ್ಟ್ರೇಲಿಯಾದ ವಯಾಲಾ ಊರಿನ ನಮ್ಮ ಬೀದಿಯಲ್ಲಿ ಮಕ್ಕಳಿರುವ ಯಾವ ಮನೆಗೆ ಹೋದರೂ ಫ್ರಿಜ್ಜಿನ ಬಾಗಿಲಿಗೆ ಬೆರಿಲ್ ಹಾಸ್ಕಿಂಗ್ ಮಾಡಿಸಿದ್ದು ಏನಾದರೊಂದು ಅಂಟಿಕೊಂಡಿರುತ್ತಿತ್ತು. ನೀಲಗಿರಿ ಎಲೆಯ ಮೇಲೆ ಕಾಗದವಿಟ್ಟು, ಮೇಣದ ಬಣ್ಣದ ಕಡ್ಡಿಯನ್ನು ಮಲಗಿಸಿ ಉಜ್ಜಿ ತೆಗೆದ ಎಲೆಯ ನರಗಳು. ಕಾಫಿ ಸೋಸುವ ಕಾಗದಕ್ಕೆ ಸ್ಕೆಚ್ ಪೆನ್ನಿನ ಚುಕ್ಕೆಯಿಟ್ಟು, ಒಂದು ಚಮಚ ನೀರು ಕುಡಿಸಿ, ನಡುವಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿದ ಚಿಟ್ಟೆ. ರಟ್ಟಿಗೆ ದಾರ ಅಂಟಿಸಿ, ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಒತ್ತಿ ಮಾಡಿದ ಬೆಳ್ಳಿ ಮೀನು. ಎಲ್ಲವೂ ಮನೆಯಲ್ಲೇ ಬಿದ್ದಿರುವ ಸಾಮಾನು. ಮಾಡಿ ಮುಗಿಸಿದ ಮೇಲೆ ಮೇಜು ಒರೆಸಲು ಒಂದು ಒದ್ದೆ ಬಟ್ಟೆ ಸಾಕು.

ಬೆರಿಲ್ ನನ್ನ ಪಕ್ಕದ ಮನೆಯವಳು. ಗಂಡ ಕ್ಲಾರಿ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದವನು, ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ವಯಸ್ಸಿನಲ್ಲಿ ಅವಳು ಆಸ್ಪತ್ರೆಯ ನೆಲ ತಿಕ್ಕುವ ಕೆಲಸ ಮಾಡಿದವಳು. ಮಂಡಿ ಎರಡೂ ಅಲ್ಲೇ ಸವೆದವು. “ಮಕ್ಕಳು ಬಣ್ಣ ಆಡ್ತಾರೆ, ಆಮೇಲೆ ಮಂಡಿಯೂರಿ ಒರೆಸೋಳು ಯಾರು? ಅವರಮ್ಮ. ಅದಕ್ಕೇ ಅಮ್ಮಂದಿರಿಗೆ ಬಣ್ಣ ಕಂಡ್ರೆ ಆಗಲ್ಲ, ಮಕ್ಕಳ ಕೈಗೆ ಕೊಡಲ್ಲ. ಒರೆಸೋ ಹಾಗೇ ಇಲ್ಲದಿದ್ರೆ ಕೊಡ್ತಾರೆ” ಎಂದು ಅವಳೇ ಒಮ್ಮೆ ನನಗೆ ಹೇಳಿದ್ದಳು. ಅವಳ ಕಲೆಯ ಮೂಲವೆಲ್ಲ ಅಷ್ಟೇ.

ನಮ್ಮ ಬಡಾವಣೆಯ ಸಮುದಾಯ ಭವನದ ನೆಲ ಜಾರಾ ಮರದ ಹಲಗೆಯದು, ಮುಖ ಕಾಣುವಷ್ಟು ಮೆರುಗು. ವಾರಕ್ಕೊಮ್ಮೆ ಅಲ್ಲಿ ವಯಸ್ಸಾದವರು ಜೋಡಿಯಾಗಿ ನರ್ತಿಸುತ್ತಿದ್ದರು. ಆ ನೆಲದ ಮೇಲೆ ಪುಟ್ಟ ಮಕ್ಕಳನ್ನು ಬಿಡುವುದಕ್ಕೆ ಅವರು ಬಿಲ್ಕುಲ್ ಒಪ್ಪಿರಲಿಲ್ಲ. ಬೆರಿಲ್ ಅವರ ಎದುರೇ ನಿಂತು, “ನಿಮ್ಮ ನೆಲದ ಮೇಲೆ ಒಂದು ಹನಿ ಬಣ್ಣ ಬಿದ್ರೆ ನನ್ನ ನಾಲಿಗೇಲಿ ನೆಕ್ಕಿ ತೆಗೀತೀನಿ, ಆಯ್ತಾ?” ಎಂದಳಂತೆ. ನಕ್ಕುಬಿಟ್ಟರು, ಕೊಟ್ಟುಬಿಟ್ಟರು. ಹಾಗೆ ಶುರುವಾಯಿತು ಗುರುವಾರ ಬೆಳಗಿನ ಮಕ್ಕಳ ಕೂಟ.

ಅವಳ ಅತಿ ಹೆಸರುವಾಸಿ ಆಟ ಬಣ್ಣದ ಚೀಲ. ತಿಂಡಿ ಕಟ್ಟುವ ಜಿಪ್ ಚೀಲಕ್ಕೆ ಹಳದಿ ಒಂದು ಚಮಚ, ನೀಲಿ ಒಂದು ಚಮಚ ಹಾಕಿ, ಗಾಳಿ ಹೊರಡಿಸಿ, ಬಾಯಿಗೆ ಗಟ್ಟಿಯಾಗಿ ಟೇಪು ಸುತ್ತಿ ಕಿಟಕಿಯ ಗಾಜಿಗೆ ಅಂಟಿಸುತ್ತಿದ್ದಳು. ಮಕ್ಕಳು ಹೊರಗಿನಿಂದ ಬೆರಳಲ್ಲಿ ಒತ್ತುವುದು, ಗೀಚುವುದು. ಹಳದಿಯೂ ನೀಲಿಯೂ ಸೇರಿ ಹಸಿರಾದಾಗ ಹೋ ಎಂದು ಕಿರುಚುವುದು. ಅಂಗೈಗೆ ಒಂದಿಷ್ಟೂ ಹತ್ತುವುದಿಲ್ಲ. ಬೇಸಿಗೆಯಲ್ಲಿ ಹಿಂದಿನ ಇಟ್ಟಿಗೆ ಗೋಡೆಯ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮನೆಗೆ ಬಣ್ಣ ಬಳಿಯುವ ಬ್ರಷ್ಷು ಮತ್ತು ಬರೀ ನೀರು ಕೊಡುತ್ತಿದ್ದಳು. ಬರೆದ ಆನೆಯನ್ನು ಬಿಸಿಲು ಬಾಲದ ಕಡೆಯಿಂದ ತಿನ್ನುತ್ತ ಬರುತ್ತಿತ್ತು.

ನಿಯಮ ಎರಡೇ. ಮನೆಯಲ್ಲಿ ಸಾಮಾನ್ಯವಾಗಿ ಇರದ ವಸ್ತು ಭವನದೊಳಗೆ ಬರಕೂಡದು. ಟಾಯ್ಲೆಟ್ ಕಾಗದದ ಖಾಲಿ ರಟ್ಟಿನ ಕೊಳವೆಯೊಳಗೆ ತೂರಿಹೋಗುವಂಥದ್ದು, ಅಂದರೆ ಮಗುವಿನ ಬಾಯಿಗೆ ಹಿಡಿಸುವಂಥದ್ದು, ಮಕ್ಕಳ ಕೈಗೆ ಸಿಗಕೂಡದು. ಕೇಕಿನ ತಟ್ಟೆಯಲ್ಲಿ ಬಣ್ಣದ ಚೆಂಡು ಉರುಳಿಸಿ ಗೆರೆ ಬರೆಸುವ ಆಟಕ್ಕೂ ಗೋಲಿ ಬೇಡವೆಂದು ಹಳೆಯ ಟೆನಿಸ್ ಚೆಂಡು ತರುತ್ತಿದ್ದಳು.

ಲೊರೇನ್ ಆ ಕೂಟಕ್ಕೆ ಬಂದದ್ದು ಮೊದಮೊದಲಲ್ಲಿ. ಗಂಡ ಗಣಿ ಕೆಲಸವೆಂದು ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ್ದ. ಕಂಕುಳಲ್ಲಿ ಇನ್ನೂ ನಡೆಯದ ಮಗಳು ಟೆಗನ್. ಭವನದ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದವಳ ಕೈಯಿಂದ ಬೆರಿಲ್ ಮಗುವನ್ನು ಎತ್ತಿಕೊಂಡಳು. ಲೊರೇನ್‌ಗೆ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಟೆಗನ್ ಶಾಲೆಗೆ ಸೇರುವ ತನಕ ಹಗಲೆಲ್ಲ, ಸೇರಿದ ಮೇಲೆ ಮಧ್ಯಾಹ್ನವೆಲ್ಲ ಬೆರಿಲ್ ಮನೆಯಲ್ಲೇ ಬೆಳೆದಳು. ಡಬ್ಬಿಯ ಬೀಟ್ರೂಟಿನ ರಸ ಹಾಕಿ ಉಪ್ಪು ಮೈದಾಹಿಟ್ಟು ನಾದಿ ಗೊಂಬೆ ಮಾಡುವುದನ್ನು ಅವಳು ಕಲಿತದ್ದು ಬೆರಿಲ್‌ಳ ಮೇಜಿನ ಮೇಲೆ. ಲೊರೇನ್ ಪಾಲಿಗೆ ಬೆರಿಲ್ ‘ಬೆಜ್’, ಬೆರಿಲ್ ಪಾಲಿಗೆ ಲೊರೇನ್ ‘ಲೋಜ್’. ಊರಿನವರು ಅವರಿಬ್ಬರನ್ನು ಅಕ್ಕತಂಗಿಯರೆಂದೇ ಎಣಿಸಿದ್ದರು.

ಬೆರಿಲ್‌ಗೆ ಎಪ್ಪತ್ತು ಹತ್ತಿರವಾಗುವ ಹೊತ್ತಿಗೆ ಕೂಟವನ್ನು ಇಬ್ಬರೂ ಸೇರಿ ನಡೆಸುತ್ತಿದ್ದರು. ಟೆಗನ್ ಓದಿ, ಊರಿನ ಒಂದು ಶಿಶುವಿಹಾರದಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ರಜೆಯ ದಿನ ತಾಯಿಯ ಜೊತೆ ಬಂದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು.

ಅಂಥ ಒಂದು ಗುರುವಾರ ಬೆರಿಲ್ ಒಳಗೆ ಮಕ್ಕಳಿಗೆ ಕಿತ್ತಳೆ ಹೆಚ್ಚುತ್ತಿದ್ದಾಗ ಟೆಗನ್ ತನ್ನ ಕೈಚೀಲದಿಂದ ಒಂದು ಪೊಟ್ಟಣ ತೆಗೆದಳು. ಬಟಾಣಿಗಿಂತ ಚಿಕ್ಕ, ಗಟ್ಟಿ ಬಣ್ಣದ ಮಣಿಗಳು. ನೀರಿಗೆ ಹಾಕಿದರೆ ನೀರು ಕುಡಿದು ಕುಡಿದು ಉಬ್ಬಿ, ಮೆತ್ತಗೆ, ದೊಡ್ಡದಾಗುವಂಥವು. ಬಣ್ಣದ ಚೀಲದೊಳಗೆ ಹಾಕಿದರೆ ಒತ್ತಲು ಚೆನ್ನಾಗಿರುತ್ತದೆಂದು ಅವಳ ಲೆಕ್ಕ. ಲೊರೇನ್ ನೋಡಿದಳು. “ಬೆಜ್ ನೋಡಿದ್ರೆ ಕೂಗಾಡ್ತಾಳೆ, ಬೇಗ ಹಾಕಿ ಮುಚ್ಚಿಬಿಡು” ಎಂದಳು. ಅವಸರದಲ್ಲಿ ಪೊಟ್ಟಣ ಹರಿದು ಮಣಿಗಳು ಮೆರುಗಿನ ನೆಲದ ಮೇಲೆಲ್ಲ ಉರುಳಿದವು.

ಕಿತ್ತಳೆಯ ತಟ್ಟೆ ಹಿಡಿದು ಬಂದ ಬೆರಿಲ್ ಕಾಲ ಬಳಿ ಒಂದನ್ನು ಕಂಡು ಎತ್ತಿಕೊಂಡಳು.

“ಏನಿದು?”

“ಸಾರಿ ಬೆಜ್ ಆಂಟಿ, ನಾನೇ ತಂದಿದ್ದು. ಆರಿಸಿಬಿಟ್ಟೆ, ಎಲ್ಲಾ ಸಿಕ್ತು.”

“ಎಲ್ಲಾ ಸಿಕ್ತು ಅಂತ ಹೇಗೆ ಗೊತ್ತು? ಎಷ್ಟಿತ್ತು ಅಂತ ಎಣಿಸಿದ್ದೆಯಾ?” ಎಂದು ಗದರಿ, ಬೆರಿಲ್ ಪೊರಕೆ ತಂದಳು. ಮೂಲೆ ಮೂಲೆ ಗುಡಿಸಿದಳು. ಆಮೇಲೆ ಆ ಸವೆದ ಮಂಡಿಗಳ ಮೇಲೆ ಕೂತು, ನೆಲಕ್ಕೆ ಕೆನ್ನೆ ತಾಗಿಸಿ ಕುರ್ಚಿಗಳ ಅಡಿ ನೋಡಿದಳು. ಇನ್ನೂ ನಾಲ್ಕಾರು ಸಿಕ್ಕವು. ಅಮ್ಮಂದಿರು ಹೊರಗೆ ಚಹಾ ಕುಡಿಯುತ್ತಿದ್ದರು. ಅವರಿಗೆ ಹೇಳಬೇಕೆಂದು ಅವಳ ಬಾಯಿಗೆ ಬಂತು; ಟೆಗನ್‌ಳ ಮುಖ ನೋಡಿ ನುಂಗಿಕೊಂಡಳು. ಆ ಗುರುವಾರ ನನ್ನ ಮಗಳಿಗೆ ಜ್ವರವಿದ್ದುದರಿಂದ ನಾನು ಹೋಗಿರಲಿಲ್ಲ. ಇದೆಲ್ಲ ನನಗೆ ತುಂಡುತುಂಡಾಗಿ ತಿಳಿದದ್ದು ಎಷ್ಟೋ ಕಾಲದ ನಂತರ.

ಮರುದಿನ, ಆ ಗುರುವಾರ ಕೂಟಕ್ಕೆ ಬಂದಿದ್ದ ಹ್ಯಾಟಿ ಎಂಬ ಎರಡು ವರ್ಷ ತುಂಬದ ಹುಡುಗಿ ವಾಂತಿ ಮಾಡಿಕೊಳ್ಳಲು ಶುರುಮಾಡಿದಳು. ತಾಯಿ ಶೇಯ್ನಾ ಹೊಟ್ಟೆ ಕೆಟ್ಟಿದೆಯೆಂದುಕೊಂಡಳು. ಅದರ ಮರುದಿನ ಮಗು ಕುತ್ತಿಗೆ ಎತ್ತಲಾರದೆ ಹೋದಾಗ ವಿಮಾನದಲ್ಲಿ ಆಡಿಲೇಡ್‌ನ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಹೊಟ್ಟೆ ಕೊಯ್ದು ಕರುಳಿನಿಂದ ತೆಗೆದದ್ದು ನೆಲ್ಲಿಕಾಯಿಯಷ್ಟು ದಪ್ಪ ಉಬ್ಬಿದ್ದ ಒಂದು ನೀಲಿ ಮಣಿ. ಮಗು ಉಳಿಯಿತು. ಆದರೆ ಬಹುದಿನ ಅಲ್ಲೇ ಇರಬೇಕಾಯಿತು.

ಭವನದ ಸಮಿತಿಯವರು ಸಭೆ ಕರೆದರು. ಸಭೆಯ ಹಿಂದಿನ ಸಂಜೆ, ಬಿಸಿಲು ಇನ್ನೂ ಇದ್ದಾಗ, ಲೊರೇನ್ ಬೆರಿಲ್‌ಳ ಮನೆಗೆ ಬಂದಳು.

“ಬೆಜ್, ನಾಳೆ ನೀನು ಏನೂ ಹೇಳ್ಬೇಡ. ನಾನೇ ಹೇಳ್ತೀನಿ. ಟೆಗನ್‌ಳ ತಾಯಿ ನಾನು, ನನ್ನ ಬಾಯಿಂದ್ಲೇ ಬರ್ಲಿ.”

“ಟೆಗನ್ ಏನಂತಾಳೆ?”

“ಅಳ್ತಾ ಕೂತಿದ್ದಾಳೆ. ಒಪ್ಕೊಂಡಿದ್ದಾಳೆ.”

“ನಾನೂ ಒಪ್ಕೊಳ್ತೀನಿ ಲೋಜ್. ಅವತ್ತೇ ಅಮ್ಮಂದಿರಿಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅದು ನಂದೇ ತಪ್ಪು. ನೀನು ನಿಂದು ಹೇಳು, ನಾನು ನಂದು ಹೇಳ್ತೀನಿ.”

“ಆಗ್ಲಿ ಕಣೇ” ಎಂದು ಲೊರೇನ್ ಅವಳನ್ನು ತಬ್ಬಿಕೊಂಡು ಹೋದಳು.

ಸಭೆಯಲ್ಲಿ ನಾನೂ ಇದ್ದೆ. ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಶೇಯ್ನಾ ಆಸ್ಪತ್ರೆಯಿಂದ ನೇರ ಬಂದವಳ ಹಾಗಿದ್ದಳು, ಕೂದಲು ಬಾಚಿರಲಿಲ್ಲ. “ಆ ದರಿದ್ರದ್ದನ್ನ ಒಳಗೆ ತಂದೋರು ಯಾರು? ನಂಗೆ ಅಷ್ಟು ಹೇಳಿ ಸಾಕು” ಎಂದಳು.

ಬೆರಿಲ್ ಲೊರೇನ್ ಕಡೆ ತಿರುಗಿದಳು. ಲೊರೇನ್ ಎದ್ದು ನಿಂತಳು.

“ಇದನ್ನ ಹೇಳೋಕೆ ನಂಗೆ ಇಷ್ಟ ಇಲ್ಲ” ಎಂದಳು. “ಬೆಜ್ ನಂಗೆ ಒಡಹುಟ್ಟಿದ ಅಕ್ಕನ ಹಾಗೆ. ಆದ್ರೆ ಅವಳಿಗೆ ವಯಸ್ಸಾಗ್ತಿದೆ. ಈಚೀಚೆಗೆ ಮರೆವು ಜಾಸ್ತಿ. ಮೊನ್ನೆ ನೀರೇ ಇಲ್ಲದ ಕೆಟಲ್‌ನ ಉರಿಯೋ ಒಲೆ ಮೇಲೆ ಬಿಟ್ಟಿದ್ಳು. ಆ ಮಣಿಗಳನ್ನ ಎಲ್ಲಿಂದ ತಂದ್ಲೋ, ಚೀಲಕ್ಕೆ ಯಾವಾಗ ಹಾಕಿದ್ಲೋ, ಅವಳಿಗಾದ್ರೂ ನೆನಪಿದೆಯೋ ಇಲ್ವೋ. ನಾನು ಮೊದಲೇ ನಿಮಗೆಲ್ಲ ಹೇಳ್ಬೇಕಿತ್ತು. ಸ್ನೇಹ ಅಡ್ಡ ಬಂತು.”

ಸಭೆ ಗುಜುಗುಜು ಎಂದಿತು. ಬೆರಿಲ್ ಟೆಗನ್ ಕಡೆ ನೋಡಿದಳು. ಟೆಗನ್ ತಾಯಿಯ ಪಕ್ಕದಲ್ಲಿ ಕೂತು ತನ್ನ ಉಗುರುಗಳನ್ನು ನೋಡುತ್ತಿದ್ದಳು, ತಲೆ ಎತ್ತಲಿಲ್ಲ. ಅಧ್ಯಕ್ಷ, “ಬೆರಿಲ್, ನೀವೇನಾದ್ರೂ ಹೇಳ್ತೀರಾ?” ಎಂದು ಕೇಳಿದ. ಬೆರಿಲ್ ಮತ್ತೆ ಟೆಗನ್‌ಳ ಬಗ್ಗಿದ ತಲೆಯನ್ನೇ ನೋಡಿದಳು. ಅವಳು ಪರ್ಸಿನಿಂದ ಬೀಗದ ಕೈಗೊಂಚಲು ತೆಗೆದು, ಭವನದ ಕೀಲಿಯನ್ನು ಉಗುರಿನಿಂದ ಬಿಡಿಸಲು ಹೋದಳು. ಗೊಂಚಲಿನ ಬಳೆ ಬಿಗಿಯಿದ್ದುದರಿಂದ ಬಹಳ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಬರಲಿಲ್ಲ. ಕೊನೆಗೆ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದಳು. ಆ ತಡವರಿಕೆಯನ್ನು ನೋಡಿ ನನ್ನ ಪಕ್ಕದಲ್ಲಿದ್ದವಳು, “ನಿಜ ಪಾಪ, ಕೈಲಿ ಆಗ್ತಾ ಇಲ್ಲ ಅವಳಿಗೆ” ಎಂದಳು.

ಆಮೇಲಿನ ದಿನಗಳನ್ನು ನಾನು ಬೇಲಿಯ ಈಚೆಯಿಂದ ನೋಡಿದೆ. ಬೆರಿಲ್ ತನ್ನ ರಟ್ಟು, ದಾರದುಂಡೆ, ಕಾಗದದ ತಟ್ಟೆಗಳನ್ನೆಲ್ಲ ಕಸದ ಡಬ್ಬಿಗೆ ಸುರಿದಳು. ಮುಚ್ಚಳ ಮುಚ್ಚಲಾರದೆ ತೆರೆದೇ ಇತ್ತು. ಒಮ್ಮೆ ಸೂಪರ್ ಮಾರ್ಕೆಟ್ಟಿನಲ್ಲಿ ಹಾಲಿನ ಕಪಾಟಿನ ಎದುರು ಶೇಯ್ನಾ ಸಿಕ್ಕಳಂತೆ. “ಮರೆವಿನ ಮುದುಕಿಗೆ ಮಕ್ಕಳ ಸಹವಾಸ ಯಾಕೆ ಬೇಕಿತ್ತು?” ಎಂದು ಎಲ್ಲರೆದುರು ಕೇಳಿದಳಂತೆ. ಅಂದಿನಿಂದ ಬೆರಿಲ್ ಹೆದ್ದಾರಿಯ ಆಚೆಗಿನ ದೂರದ ಅಂಗಡಿಗೆ ಹೋಗತೊಡಗಿದಳು. ಅದಕ್ಕಿಂತ ಕೆಟ್ಟದ್ದು ಬೇರೆ ಇತ್ತು. ಗ್ಯಾಸ್ ಒಲೆ ಆರಿಸಿ ಹೊರಗೆ ಬಂದವಳು ಮತ್ತೆ ಒಳಗೆ ಹೋಗಿ ನೋಡುತ್ತಿದ್ದಳು. ಬಾಗಿಲು ಹಾಕಿ, ಗೇಟಿನ ತನಕ ಬಂದು, ತಿರುಗಿ ಹೋಗಿ ಹಿಡಿ ಅಲುಗಿಸುತ್ತಿದ್ದಳು. ಲೊರೇನ್ ಅಷ್ಟು ಜನರ ಮುಂದೆ ಹೇಳಿದ ಮಾತು ಅವಳ ಒಳಗೇ ಕೂತುಬಿಟ್ಟಿತ್ತು.

ಕೂಟವನ್ನು ಲೊರೇನ್ ವಹಿಸಿಕೊಂಡಳು. ಕಿಟಕಿಯ ಮೇಲೆ ಅವೇ ಬಣ್ಣದ ಚೀಲಗಳು, ಗೋಡೆಯ ಮೇಲೆ ಅದೇ ನೀರಿನ ಆನೆ.

ಚಳಿಗಾಲ ಕಳೆಯುತ್ತಿದ್ದಾಗ ಒಂದು ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದೆ. ಆ ಕಡೆ ಹಿತ್ತಲ ಗೇಟು ಕಿರುಗುಟ್ಟಿತು. ಲೊರೇನ್ ಬಂದಿದ್ದಳು, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

“ಪಾಸ್ಟಿ ಮಾಡಿದ್ದೆ. ನಿಂಗೆ ಇಷ್ಟದ್ದು, ಹಿಟ್ಟಿನೊಳಗೆ ಟರ್ನಿಪ್ ತುಂಬಿ ಬೇಯಿಸಿರೋದು.”

ಬೆರಿಲ್ ನಿಂಬೆಗಿಡಕ್ಕೆ ನೀರು ಬಿಡುತ್ತಿದ್ದಳು. ಕೊಳಾಯಿ ನಿಲ್ಲಿಸಲಿಲ್ಲ.

“ಬೆಜ್, ಮಾತಾಡೇ. ತಪ್ಪಾಯ್ತು ಅಂತ ಹೇಳೋಕೆ ಬಂದಿದೀನಿ.”

“ನಂಗ್ಯಾಕೆ ಹೇಳ್ತೀಯ? ನಡೆದಿದ್ದು ನಂಗೆ ಗೊತ್ತೇ ಇದೆ. ಭವನಕ್ಕೆ ಹೋಗಿ ಹೇಳು.”

“ಅದೊಂದು ಮಾತ್ರ ಆಗಲ್ಲ. ಟೆಗನ್‌ಳ ಕೆಲಸ ಹೋಗುತ್ತೆ. ಇನ್ನೆಲ್ಲೂ ಮಕ್ಕಳ ಹತ್ರ ಸೇರಿಸಲ್ಲ. ಇಪ್ಪತ್ತನಾಲ್ಕು ವರ್ಷ ಕಣೇ ಅವಳಿಗೆ! ನಿಂದು ಹೇಗೂ ಬಿಡೋ ವಯಸ್ಸು…”

“ನನ್ನ ಕೇಳಿದ್ದಿದ್ರೆ ನಾನೇ ಹೊತ್ಕೊಳ್ತಿದ್ನೇನೋ. ಕೇಳ್ಲಿಲ್ಲ ನೀನು. ಬಂದು ತಬ್ಕೊಂಡು, ಬಾಯಿ ಮುಚ್ಚಿಸಿ ಹೋದೆ. ನಂಗೆ ತಲೆ ಕೆಟ್ಟಿದೆ ಅಂತ ಊರಿಗೆಲ್ಲ ಹೇಳಿದೆ. ಆ ಕೆಟಲ್ ಒಣಗಿದ್ದು ಯಾವತ್ತು ಲೋಜ್? ನಿಂಗೆ ಎದೆನೋವು ಅಂತ ಫೋನ್ ಬಂದು ಕೆಟಲ್ ಒಲೆ ಮೇಲೇ ಬಿಟ್ಟು ಓಡಿ ಬಂದಿದ್ನಲ್ಲ, ಅವತ್ತು.”

ಲೊರೇನ್ ತಟ್ಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ಆಮೇಲೆ ಅಂದ ಮಾತು ಕೇಳಿ ನನ್ನ ಕೈಯ ಕ್ಲಿಪ್ಪು ಹಾಗೇ ನಿಂತಿತು.

“ನಿಂಗೂ ಹೊಟ್ಟೇಲಿ ಹುಟ್ಟಿದ್ದು ಒಂದಿದ್ದಿದ್ರೆ ಗೊತ್ತಾಗ್ತಿತ್ತು, ನಾನು ಯಾಕೆ ಹಾಗೆ ಮಾಡ್ದೆ ಅಂತ.”

ನೀರು ನಿಂಬೆಗಿಡದ ಪಾತಿ ತುಂಬಿ ಹರಿದು ಬೆರಿಲ್‌ಳ ಚಪ್ಪಲಿ ತೋಯಿಸುತ್ತಿತ್ತು. ಅವಳು ನಿಧಾನವಾಗಿ ಕೊಳಾಯಿ ತಿರುಗಿಸಿ ನಿಲ್ಲಿಸಿದಳು.

“ಟೆಗನ್‌ಗೆ ಕೆಮ್ಮು ಬಂದಾಗೆಲ್ಲ ಅವಳನ್ನ ಎದೆ ಮೇಲೆ ಮಲಗಿಸ್ಕೊಂಡು ಈ ಮನೇಲಿ ಕೂತಿದ್ದೋಳು ನಾನು. ಅದು ನಿಂಗೆ ಲೆಕ್ಕಕ್ಕೆ ಬರಲ್ಲ ಅಂತ ಇವತ್ತು ಗೊತ್ತಾಯ್ತು. ತಟ್ಟೆ ತಗೊಂಡು ಹೋಗು. ಹೋಗೋವಾಗ ಗೇಟು ಹಾಕ್ಕೊಂಡು ಹೋಗು.”

ಮೂರು ಬೀದಿಯಾಚೆ ಇದ್ದ ಲೊರೇನ್ ಮತ್ತೆ ಆ ಗೇಟು ದಾಟಲಿಲ್ಲ. ಬೇಲಿಯ ಈ ಕಡೆ ನಾನಿದ್ದೇನೆಂದು ಬೆರಿಲ್‌ಗೆ ಗೊತ್ತಿತ್ತು. ನನ್ನತ್ತ ನೋಡಿ, “ಕೇಳಿಸ್ಕೊಂಡ್ಯಲ್ಲ. ಯಾರ ಹತ್ರಾನೂ ಆಡ್ಬೇಡ. ಆಡಬೇಕಾದೋರು ಆಡ್ಲಿ” ಎಂದಳು. ನಾನು ಹಾಗೇ ನಡೆದುಕೊಂಡೆ. ಅವತ್ತೇ ಮಧ್ಯಾಹ್ನ ಕರೆದು ಕೂರಿಸಿಕೊಂಡು, ಕಿತ್ತಳೆ ಹೆಚ್ಚಿದ ಆ ಬೆಳಗಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು.

ಆಡಬೇಕಾದವಳು ಆಡಿದ್ದು ಎರಡು ಮೂರು ವರ್ಷದ ನಂತರ. ಟೆಗನ್‌ಗೆ ಮದುವೆಯಾಗಿ ಗಂಡುಮಗುವಾಗಿತ್ತು. ಅಂಬೆಗಾಲಿಡುತ್ತಿದ್ದ ಮಗುವಿನ ಬಾಯಿಂದ ಅಂಗಿಯ ಗುಂಡಿಯೊಂದನ್ನು ಬೆರಳು ಹಾಕಿ ಕಿತ್ತು ತೆಗೆದಳಂತೆ. ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ಶೇಯ್ನಾಳ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟಳು.

ಶೇಯ್ನಾ ಹ್ಯಾಟಿಯನ್ನು ಕರೆದುಕೊಂಡು ಬೆರಿಲ್‌ಳ ಮನೆಗೆ ಬಂದಳು. ನಾನು ಆಗ ಅಲ್ಲೇ ವರಾಂಡದಲ್ಲಿದ್ದೆ.

“ನಾನು ಅಷ್ಟು ಜನರ ಮುಂದೆ ನಿಮ್ಮನ್ನ ಮುದುಕಿ ಅಂದೆ. ಹೇಗೆ ಮುಖ ತೋರಿಸ್ಲಿ ನಿಮಗೆ?” ಎಂದು ಅವಳು ಅತ್ತಳು.

“ಮುದುಕಿಯೇ ಅಲ್ವಾ, ಅದರಲ್ಲಿ ಸುಳ್ಳೇನಿದೆ” ಎಂದಳು ಬೆರಿಲ್. ಆಮೇಲೆ ಹುಡುಗಿಯ ಕಡೆ ಬಗ್ಗಿ, “ಎಲ್ಲಿ ಪುಟ್ಟಾ, ಡಾಕ್ಟ್ರು ಹೊಲಿದಿದ್ದು ಎಲ್ಲಿ? ತೋರಿಸ್ತೀಯಾ?” ಎಂದಳು.

ಹ್ಯಾಟಿ ಸಂಕೋಚವಿಲ್ಲದೆ ಅಂಗಿ ಎತ್ತಿದಳು. ಹೊಕ್ಕುಳಿನ ಪಕ್ಕ ಬೆಳ್ಳಗಿನ ಗೆರೆ. ಸಭೆಯಲ್ಲಿ ಅಳದ ಬೆರಿಲ್, ಹಿತ್ತಲಲ್ಲಿ ಅಳದ ಬೆರಿಲ್ ಆಗ ಅತ್ತಳು. “ನೆಲಕ್ಕೆ ಕೆನ್ನೆ ಇಟ್ಟು ನೋಡಿದ್ದೆ ಮಗಾ. ಆದ್ರೂ ಒಂದು ತಪ್ಪಿಸ್ಕೊಂಡಿತ್ತು. ನಿಮ್ಮಮ್ಮಂಗೆ ಅವತ್ತೇ ಹೇಳ್ಬೇಕಿತ್ತು ನಾನು” ಎಂದಳು. ಶೇಯ್ನಾ ಕೂತಲ್ಲೇ ಕೂತು ಅವಳ ಕೈ ಹಿಡಿದುಕೊಂಡಿದ್ದಳು.

ಸಂಗತಿ ಊರಿಗೆ ಹರಡಲು ವಾರ ಬೇಕಾಗಲಿಲ್ಲ. ಲೊರೇನ್ ಕೂಟ ಬಿಟ್ಟಳು. ಬಿಡುವಾಗಲೂ ಭವನದಲ್ಲಿ ನಿಂತು ಒಂದು ಮಾತು ಆಡಲಿಲ್ಲ. ಟೆಗನ್ ಶಿಶುವಿಹಾರದ ಕೆಲಸ ತಾನೇ ಬಿಟ್ಟಳು. ಸಮಿತಿಯವರು ಕೀಲಿ ಹಿಡಿದು ಬೆರಿಲ್‌ಳ ಬಾಗಿಲಿಗೆ ಬಂದರು. ಅವಳು ಅವರಿಗೆ ಚಹಾ ಕೊಟ್ಟಳು, ಕೀಲಿ ತೆಗೆದುಕೊಳ್ಳಲಿಲ್ಲ. “ಆ ಕೋಣೆ ತುಂಬ ಜನ ಇದ್ರಿ. ‘ಬೆರಿಲ್ ಹಾಗೆ ಮಾಡೋಳಲ್ಲ’ ಅಂತ ಒಬ್ರೂ ಅನ್ಲಿಲ್ಲ” ಎಂದಳು. ಅದು ನಮಗೆಲ್ಲರಿಗೂ ಸೇರಿದ ಮಾತು.

ಟೆಗನ್ ಒಂದು ದಿನ ಮಗುವನ್ನೆತ್ತಿಕೊಂಡು ಬಂದಿದ್ದಳು. ಬೆರಿಲ್ ಮಗುವನ್ನು ತೆಗೆದುಕೊಂಡು ಮುದ್ದಾಡಿದಳು, ಗಲ್ಲ ಹಿಂಡಿದಳು, ಹೆಸರು ಕೇಳಿದಳು. ಟೆಗನ್ “ಬೆಜ್ ಆಂಟಿ” ಎಂದಾಗ ಮಾತ್ರ, ಅಂಗಡಿಯಲ್ಲಿ ಸಿಕ್ಕ ಅಪರಿಚಿತರನ್ನು ಕೇಳುವ ಹಾಗೆ ಮೆಲ್ಲಗೆ, “ಏನು ಬೇಕಿತ್ತಮ್ಮ?” ಎಂದಳು. ಟೆಗನ್ ನಿಂತು ನೋಡಿ ಮಗುವನ್ನು ವಾಪಸ್ ತೆಗೆದುಕೊಂಡು ಹೋದಳು. ಈಗ ಕ್ವೀನ್ಸ್‌ಲ್ಯಾಂಡ್‌ನಲ್ಲಿದ್ದಾಳೆಂದು ಕೇಳಿದ್ದೇನೆ.

ಈಗ ಗುರುವಾರ ಬೆಳಿಗ್ಗೆ ಬೆರಿಲ್‌ಳ ಹಿಂದಿನ ವರಾಂಡದಲ್ಲಿ ನಾಲ್ಕೈದು ಮಕ್ಕಳು ಸೇರುತ್ತಾರೆ. ಶಾಲೆಗೆ ರಜೆಯಿದ್ದರೆ ಹ್ಯಾಟಿ ಬರುತ್ತಾಳೆ, ನನ್ನ ಚಿಕ್ಕ ಮಗಳು ಬರುತ್ತಾಳೆ. ಎಂಬತ್ತರ ಹತ್ತಿರದ ಬೆರಿಲ್ ಅವರ ಮುಂದೆ ಮೊಟ್ಟೆಯ ರಟ್ಟು, ಹಳೆಯ ವಾರಪತ್ರಿಕೆ, ಮೊಂಡು ಕತ್ತರಿ ಹರಡಿ ಕೂರುತ್ತಾಳೆ. ಬಾಯಿ ಮೊದಲಿನ ಹಾಗೇ ಚುರುಕು. ಆದರೆ ದೊಡ್ಡವರು ಯಾರೂ ಏನನ್ನೂ ಮುಟ್ಟುವಂತಿಲ್ಲ. ಕಳೆದ ವಾರ ಅವಳ ಬೆರಳು ಸೆಟೆದುಕೊಂಡು ಟೇಪು ಹರಿಯಲಾರದೆ ಒದ್ದಾಡುತ್ತಿದ್ದಳು. ನಾನು ಎದ್ದು, “ಕೊಡಿ, ನಾನು ಹರಿದು ಕೊಡ್ತೀನಿ” ಎಂದು ಕೈ ಚಾಚಿದೆ.

“ಬೇಡ. ನಾನೇ ಮಾಡ್ಕೊಳ್ತೀನಿ. ನೀನು ಕೂತ್ಕೋ” ಎಂದಳು.

ಕೋಪದಿಂದ ಹೇಳಲಿಲ್ಲ. ನಾನು ಹೋಗಿ ಕೂತೆ. ಅವಳು ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದುಕೊಂಡಳು.